ಅಂಗೈಯಗಲದ ಗಾಲಿ: ಕಿಕ್ ಸ್ಕೂಟರಿನ ಆರೈಕೆ ಮತ್ತು ಸುರಕ್ಷತೆ

ಒಂದು ಕಾಲನ್ನು ಹಲಗೆಯ ಮೇಲಿಟ್ಟು, ಇನ್ನೊಂದು ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಮುಂದೆ ಸಾಗುವ ಗಾಡಿಯೇ ಕಿಕ್ ಸ್ಕೂಟರ್. ಇದಕ್ಕೆ ಎಂಜಿನ್, ಪೆಡಲ್, ಚೈನ್, ಗೇರ್ ಯಾವುದೂ ಇಲ್ಲ. ನಿಲ್ಲಲು ಒಂದು ಹಲಗೆ, ಅದರ ಮುಂದೆ ನೆಟ್ಟ ಕಂಬ, ಕಂಬದ ತುದಿಗೆ ಹ್ಯಾಂಡಲ್, ಕೆಳಗೆ ಎರಡೋ ಮೂರೋ ಗಾಲಿ, ಹಿಂಗಾಲಿಯ ಮೇಲೆ ಬ್ರೇಕಿನ ಕೆಲಸವನ್ನೂ ಮಾಡುವ ಮಡ್‌ಗಾರ್ಡ್ ಇದ್ದರೆ ಸ್ಕೂಟರ್ ಆಯಿತು. ಇಷ್ಟು ಸರಳವಾದ ವಸ್ತುವಿಗೆ ಆರೈಕೆ ಏಕೆ ಎಂಬ ಭಾವನೆ ಬಹಳ ಮನೆಗಳಲ್ಲಿದೆ. ಹುಟ್ಟುಹಬ್ಬಕ್ಕೆ ಬಂದ ಸ್ಕೂಟರ್ ಕೆಲವು ತಿಂಗಳಲ್ಲಿ ಗಡಗಡ ಸದ್ದು ಮಾಡತೊಡಗುತ್ತದೆ. ಆಮೇಲೆ ಬಾಲ್ಕನಿಯ ಮೂಲೆ ಸೇರುತ್ತದೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಕೆಟ್ಟಿರುವುದು ಒಂದು ಬೇರಿಂಗ್, ಇಲ್ಲವೇ ಸಡಿಲಾದ ಒಂದು ಬೋಲ್ಟ್ ಅಷ್ಟೇ.

ಹಲಗೆಗೆ ಗಾಲಿ ಜೋಡಿಸಿ ಓಡಿಸುವ ಆಟ ಹೊಸದಲ್ಲ. ಅಮೆರಿಕದ ಮಕ್ಕಳು ಹಣ್ಣಿನ ಮರದ ಪೆಟ್ಟಿಗೆಗೆ ಹಳೆಯ ರೋಲರ್ ಸ್ಕೇಟಿನ ಗಾಲಿ ಹೊಡೆದು ಸ್ಕೂಟರ್ ಮಾಡಿಕೊಳ್ಳುತ್ತಿದ್ದರು. ನಮ್ಮ ಊರುಗಳಲ್ಲಿ ಗ್ಯಾರೇಜಿನವರು ಎಸೆದ ಬೇರಿಂಗ್‌ಗಳನ್ನು ಆರಿಸಿ ತಂದು, ಹಲಗೆಗೆ ಸಿಕ್ಕಿಸಿ ಇಳಿಜಾರಿನಲ್ಲಿ ಬಿಡುತ್ತಿದ್ದ ಬೇರಿಂಗ್ ಗಾಡಿ ಅದರದೇ ಒಡಹುಟ್ಟು. ಈಗ ಕಾಣುವ, ಮಡಚಬಹುದಾದ ಅಲ್ಯೂಮಿನಿಯಂ ಸ್ಕೂಟರಿಗೆ ರೂಪ ಕೊಟ್ಟವರಲ್ಲಿ ಪ್ರಮುಖರು ಸ್ವಿಟ್ಜರ್ಲೆಂಡಿನ ವಿಮ್ ಔಬೋಟರ್. ನಡೆಯಲು ದೂರ, ಕಾರು ತೆಗೆಯಲು ಹತ್ತಿರ ಎನಿಸುವ ದಾರಿಗೆಂದು 1990ರ ದಶಕದಲ್ಲಿ ಅವರು ಇದನ್ನು ರೂಪಿಸಿದರು. 2000ದಲ್ಲಿ ಇಂಥದೇ ಸ್ಕೂಟರ್ ‘ರೇಝರ್’ ಹೆಸರಿನಲ್ಲಿ ಅಮೆರಿಕದಲ್ಲಿ ಮಾರಾಟವಾಗತೊಡಗಿದ ಮೇಲೆ ಅದು ಜಗತ್ತಿನ ಮಕ್ಕಳ ಕೈಗೆ ಬಂತು. ಇನ್‌ಲೈನ್ ಸ್ಕೇಟಿನಲ್ಲಿ ಬಳಸುವ ಜಾತಿಯ ಪಾಲಿಯುರೆಥೇನ್ ಗಾಲಿಯೇ ಇದಕ್ಕೂ ಬಂದಿತು. ಸ್ಕೂಟರಿನ ಗುಣ, ದೋಷ ಎರಡಕ್ಕೂ ಆ ಪುಟ್ಟ ಗಾಲಿಯೇ ಮೂಲ.

ಸಣ್ಣ ಗಾಲಿಯ ಲೆಕ್ಕ

ಮಕ್ಕಳ ಎರಡು ಗಾಲಿಯ ಸ್ಕೂಟರಿನ ಗಾಲಿ ಸಾಮಾನ್ಯವಾಗಿ 100 ಮಿಲಿಮೀಟರ್ ಅಡ್ಡಳತೆಯದು. ಹೆಚ್ಚುಕಡಿಮೆ ಒಂದು ಅಂಗೈಯಗಲ. ಅದು ಒಂದು ಸುತ್ತು ತಿರುಗಿದರೆ ಗಾಡಿ ಸಾಗುವುದು 31 ಸೆಂಟಿಮೀಟರ್ ಮಾತ್ರ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಈ ಗಾಲಿ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗಬೇಕು. ಅದೇ ವೇಗದಲ್ಲಿ ದೊಡ್ಡವರ 26 ಇಂಚಿನ ಸೈಕಲ್ ಚಕ್ರ ಒಂದೂವರೆ ಸುತ್ತನ್ನೂ ತಿರುಗುವುದಿಲ್ಲ. ಹಾಗಾಗಿ ಅಷ್ಟೇ ದಾರಿಗೆ ಸ್ಕೂಟರಿನ ಬೇರಿಂಗ್ ಸೈಕಲ್ಲಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು ದುಡಿಯುತ್ತದೆ.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ದಾರಿಯಲ್ಲಿ 2 ಸೆಂಟಿಮೀಟರ್ ಎತ್ತರದ ಜಲ್ಲಿಕಲ್ಲು ಬಿದ್ದಿದೆ ಎಂದುಕೊಳ್ಳೋಣ. 100 ಮಿಲಿಮೀಟರಿನ ಗಾಲಿಯನ್ನು ಅದರ ಮೇಲೆ ನೂಕಿ ಹತ್ತಿಸಲು, ಆ ಗಾಲಿಯ ಮೇಲೆ ಬಿದ್ದ ಭಾರದ 1.3 ಪಟ್ಟು ಬಲ ಬೇಕು. ಸೈಕಲ್ ಚಕ್ರಕ್ಕಾದರೆ ಭಾರದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬಲ ಸಾಕು. ಸೈಕಲ್ ಸಣ್ಣದೊಂದು ಕುಲುಕಿನೊಂದಿಗೆ ದಾಟಿಬಿಡುವ ಕಲ್ಲಿಗೆ ಸ್ಕೂಟರ್ ಗಕ್ಕನೆ ನಿಲ್ಲುತ್ತದೆ. ನಿಂತವನು ಮಾತ್ರ ನಿಲ್ಲದೆ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಹಾರುತ್ತಾನೆ. ಗಾಳಿ ತುಂಬಿದ ಟೈರ್ ಇಲ್ಲದ್ದರಿಂದ ರಸ್ತೆಯ ಪ್ರತಿ ಕುಲುಕೂ ನೇರವಾಗಿ ಅಚ್ಚಿಗೆ, ಬೋಲ್ಟಿಗೆ, ಮಡಚುವ ಕೀಲಿಗೆ, ಕೊನೆಗೆ ಮಣಿಕಟ್ಟಿಗೆ ಮುಟ್ಟುತ್ತದೆ. ನಟ್ಟು ಸಡಿಲವಾಗುವುದು, ಕೀಲು ಅಲುಗಾಡುವುದು, ಬಿದ್ದು ಗಾಯವಾಗುವುದು ಬೇರೆ ಬೇರೆ ಸಮಸ್ಯೆಗಳಂತೆ ಕಂಡರೂ ಬೇರು ಒಂದೇ.

ಹೊರಡುವ ಮುನ್ನ ಒಂದು ನಿಮಿಷ

ದಿನದ ತಪಾಸಣೆಗೆ ಯಾವ ಸಲಕರಣೆಯೂ ಬೇಡ, ಕಣ್ಣು ಮತ್ತು ಕೈ ಸಾಕು. ಹ್ಯಾಂಡಲ್ ಹಿಡಿದು ಸ್ಕೂಟರನ್ನು ಒಂದು ಗೇಣು ಎತ್ತಿ ಹಗುರವಾಗಿ ನೆಲಕ್ಕೆ ಬಿಡಬೇಕು. ಬಿಗಿಯಾಗಿರುವ ಸ್ಕೂಟರ್ ‘ಠಕ್’ ಎಂದು ಒಂದೇ ಸದ್ದು ಮಾಡುತ್ತದೆ. ‘ಗಡಗಡ’ ಎಂದರೆ ಎಲ್ಲೋ ಏನೋ ಸಡಿಲವಾಗಿದೆ ಎಂದೇ ಲೆಕ್ಕ. ಆಮೇಲೆ ಮುಂಗಾಲಿಯನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸಿ ನೋಡಬೇಕು. ಸಾಧಾರಣ ಬಲಕ್ಕೆ ಗಾಲಿಯೊಂದು ದಿಕ್ಕು, ಹ್ಯಾಂಡಲೊಂದು ದಿಕ್ಕು ಆಗಬಾರದು. ಹ್ಯಾಂಡಲಿನ ಎತ್ತರ ಹಿಡಿಯುವ ಕ್ಲ್ಯಾಂಪಿನ ಲಿವರ್ ಪೂರ್ತಿ ಮುಚ್ಚಿದೆಯೇ, ಗುಂಡಿ ತನ್ನ ತೂತಿನಿಂದ ಪೂರ್ತಿ ಹೊರಬಂದಿದೆಯೇ ಎಂದು ಕಾಣಬೇಕು. ಕೊನೆಯಲ್ಲಿ ಎರಡೂ ಗಾಲಿಗಳನ್ನು ಕೈಯಿಂದ ತಿರುಗಿಸಿ, ಮಡ್‌ಗಾರ್ಡನ್ನು ಒಮ್ಮೆ ತುಳಿದು, ಕಾಲು ತೆಗೆದಾಗ ಅದು ಪುಟಿದು ಮೇಲೆ ಬರುತ್ತದೆಯೇ ಎಂದು ನೋಡಿದರೆ ತಪಾಸಣೆ ಮುಗಿಯಿತು. ಏಳೆಂಟು ವರ್ಷದ ಮಗುವಿಗೂ ಇದನ್ನು ಕಲಿಸಬಹುದು.

ಗಾಲಿ

ಪಾಲಿಯುರೆಥೇನ್ ರಬ್ಬರಿನಂತೆ ಕಂಡರೂ ರಬ್ಬರಿಗಿಂತ ಸವೆತ ತಡೆಯುವ ಪ್ಲಾಸ್ಟಿಕ್ ಜಾತಿಯ ವಸ್ತು. ಗಾಲಿಯ ಪಕ್ಕದಲ್ಲಿ ಎರಡು ಅಂಕೆಗಳು ಅಚ್ಚಾಗಿರುವುದುಂಟು. ಒಂದು ಅಡ್ಡಳತೆ: 100, 110, 120, 145, 200 ಮಿಲಿಮೀಟರ್ ಹೀಗೆ. ಇನ್ನೊಂದು ‘82ಎ’, ‘88ಎ’ ಎಂಬ ರೀತಿಯ ಗಡಸುತನದ ಅಂಕೆ. ಅಂಕೆ ಕಡಿಮೆಯಾದಷ್ಟೂ ಗಾಲಿ ಮೆದು: ಒರಟು ನೆಲದಲ್ಲಿ ಕುಲುಕು ಕಡಿಮೆ, ಹಿಡಿತ ಹೆಚ್ಚು, ಸವೆತವೂ ಬೇಗ. ಹೆಚ್ಚಾದಷ್ಟೂ ಗಟ್ಟಿ: ನುಣುಪು ನೆಲದಲ್ಲಿ ಓಟ ಚೆನ್ನ, ಆದರೆ ಒದ್ದೆ ಟೈಲ್ಸ್ ಮೇಲೆ ಜಾರುವ ಭಯ. ಹೊಸ ಗಾಲಿ ಕೊಳ್ಳುವಾಗ ಹಳೆಯದರ ಅಡ್ಡಳತೆಯನ್ನೇ ಆರಿಸಬೇಕು. ದೊಡ್ಡ ಗಾಲಿ ಹಾಕಿದರೆ ಅದು ಮುಂಗಾಲಿಯನ್ನು ಹಿಡಿದ ಫೋರ್ಕಿಗೋ ಹಿಂದಿನ ಮಡ್‌ಗಾರ್ಡಿಗೋ ತಾಗಿ, ಓಡುವಾಗಲೇ ಬ್ರೇಕ್ ಹಿಡಿದಂತಾಗುತ್ತದೆ.

ಹಿಂಗಾಲಿ ಮುಂಗಾಲಿಗಿಂತ ಬೇಗ ಸವೆಯುತ್ತದೆ, ಏಕೆಂದರೆ ಬ್ರೇಕ್ ಉಜ್ಜುವುದು ಅದನ್ನೇ. ಅಳತೆ ಒಂದೇ ಇದ್ದರೆ ಕೆಲವು ತಿಂಗಳಿಗೊಮ್ಮೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಬದಲಿಸಿದರೆ ಎರಡೂ ಸಮನಾಗಿ ಸವೆಯುತ್ತವೆ. ಒಂದು ಬದಿಗೇ ಓರೆಯಾಗಿ ಸವೆದಿದ್ದರೆ ಗಾಲಿಯ ಎಡಬಲ ಬದಲಿಸಿ ಹಾಕಬಹುದು. ಬ್ರೇಕ್ ತುಳಿದು ಜಾರಿಸುವ ಆಟ ಹೆಚ್ಚಾದರೆ ಗಾಲಿಯ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಸುತ್ತಿಗೊಂದು ‘ಟಕ್’ ಖಚಿತ. ಪಾಲಿಯುರೆಥೇನ್ ಹೋಳು ಕಿತ್ತಿದ್ದರೆ, ನಡುವಿನ ಗಟ್ಟಿ ಗುಂಬದಿಂದ ಬಿಟ್ಟುಕೊಂಡಿದ್ದರೆ, ಗುಂಬವೇ ಬಿರುಕು ಬಿಟ್ಟಿದ್ದರೆ ಆ ಗಾಲಿಯನ್ನು ಅಂಟು ಹಾಕಿ ಉಳಿಸಿಕೊಳ್ಳಲು ನೋಡಬಾರದು. ವರ್ಷಗಟ್ಟಲೆ ತೇವದ ಉಗ್ರಾಣದಲ್ಲಿ ಬಿದ್ದಿದ್ದ ಗಾಲಿ ನೋಡಲು ಹೊಸದರಂತಿದ್ದರೂ ಒಳಗೇ ಶಿಥಿಲವಾಗಿ, ಓಡಿಸಿದಾಗ ಪುಡಿಪುಡಿಯಾಗಿ ಉದುರುವುದುಂಟು.

ಬೇರಿಂಗ್

ಸ್ಕೂಟರಿನ ಜೀವ ಬೇರಿಂಗಿನಲ್ಲಿದೆ. ಹೆಚ್ಚಿನ ಸ್ಕೂಟರುಗಳಲ್ಲಿ ಇರುವುದು ‘608’ ಎಂಬ ಅಳತೆಯ ಬೇರಿಂಗ್: ಒಳತೂತು 8 ಮಿಲಿಮೀಟರ್, ಹೊರ ಅಡ್ಡಳತೆ 22, ದಪ್ಪ 7. ಸ್ಕೇಟಿಂಗ್ ಶೂಗಳಲ್ಲೂ ಇದೇ ಬೇರಿಂಗ್ ಇರುತ್ತದೆ. 2017ರಲ್ಲಿ ಮಕ್ಕಳ ಬೆರಳ ತುದಿಯಲ್ಲಿ ಗಿರಗಿರ ತಿರುಗಿದ ಫಿಜೆಟ್ ಸ್ಪಿನ್ನರುಗಳಲ್ಲೂ ಸಾಮಾನ್ಯವಾಗಿ ಇದ್ದದ್ದು ಇದೇ. ಸಾಮಾನ್ಯವಾಗಿ 7 ಉಕ್ಕಿನ ಗುಂಡುಗಳು ಎರಡು ಬಳೆಗಳ ನಡುವೆ ಉರುಳುತ್ತವೆ. ಪ್ರತಿ ಗಾಲಿಗೆ ಎರಡು ಬೇರಿಂಗ್, ಅವೆರಡರ ನಡುವೆ ‘ಸ್ಪೇಸರ್’ ಎಂಬ ಚಿಕ್ಕ ಕೊಳವೆ. ಅಚ್ಚಿನ ಬೋಲ್ಟ್ ಬಿಗಿ ಮಾಡಿದಾಗ ಬೇರಿಂಗ್‌ಗಳ ಒಳಬಳೆಗಳು ಒಂದಕ್ಕೊಂದು ಒತ್ತಿಕೊಳ್ಳದಂತೆ ಈ ಕೊಳವೆ ಕಾಯುತ್ತದೆ. ಬಿಚ್ಚಿ ಜೋಡಿಸುವಾಗ ಸ್ಪೇಸರ್ ಕಳೆದುಹೋದರೆ ಹೊಸ ಬೇರಿಂಗ್ ಹಾಕಿದರೂ ಗಾಲಿ ಬಿಗಿದುಕೊಳ್ಳುತ್ತದೆ.

ಬೇರಿಂಗ್ ಕೆಟ್ಟಿದೆಯೇ ಎಂದು ತಿಳಿಯಲು ಗಾಲಿಯನ್ನು ನೆಲದಿಂದೆತ್ತಿ ತಿರುಗಿಸಿ, ಹಲಗೆಯ ಮೇಲೆ ಕೈಯಿಟ್ಟು ಗಮನಿಸಬೇಕು. ಒಳ್ಳೆಯ ಬೇರಿಂಗಿನ ಗಾಲಿ ಸದ್ದಿಲ್ಲದೆ ತಿರುಗಿ ನಿಧಾನವಾಗಿ ನಿಲ್ಲುತ್ತದೆ. ಮರಳು ಹೊಕ್ಕಿದ್ದರೆ ರಾಗಿ ಬೀಸುವಂಥ ಗರಗರ ಸದ್ದು ಕೇಳುತ್ತದೆ, ಕೈಗೂ ಆ ಒರಟು ತಿಳಿಯುತ್ತದೆ. ತುಕ್ಕು ಹಿಡಿದಿದ್ದರೆ ಗಾಲಿ ತಡೆತಡೆದು ನಿಲ್ಲುತ್ತದೆ. ಗಾಲಿಯನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಲಟಲಟ ಎಂದರೆ ಬೇರಿಂಗ್ ಸವೆದಿರಬೇಕು, ಇಲ್ಲವೇ ಅಚ್ಚು ಸಡಿಲವಾಗಿರಬೇಕು.

ಬಿಚ್ಚುವ ಕೆಲಸಕ್ಕೆ ಬೇಕಾದದ್ದು ಎರಡು ಅಲೆನ್ ಕೀ, ಹಳೆಯ ಬಟ್ಟೆ, ಒಂದು ಬಟ್ಟಲು. ಕೀಯ ಅಳತೆ ಸಾಮಾನ್ಯವಾಗಿ 5 ಅಥವಾ 6 ಮಿಲಿಮೀಟರ್. ಅಚ್ಚಿನ ಒಂದು ತುದಿಗೆ ಒಂದು ಕೀ ಹಾಕಿ ಹಿಡಿದು, ಇನ್ನೊಂದು ತುದಿಯನ್ನು ಎಡಕ್ಕೆ ತಿರುಗಿಸಿದರೆ ಬೋಲ್ಟ್ ಬಿಡುತ್ತದೆ. ವಾಷರುಗಳು ಯಾವ ಕ್ರಮದಲ್ಲಿದ್ದವು ಎಂಬುದಕ್ಕೆ ಬಿಚ್ಚುವಾಗಲೇ ಫೋನಿನಲ್ಲೊಂದು ಫೋಟೊ ತೆಗೆದಿಡುವುದು ಜಾಣತನ. ಗಾಲಿ ಕೈಗೆ ಬಂದ ಮೇಲೆ ಒಂದು ಬೇರಿಂಗಿನ ತೂತಿನೊಳಗೆ ಕೀಯನ್ನು ಓರೆಯಾಗಿ ತೂರಿಸಿ, ನಡುವಿನ ಸ್ಪೇಸರನ್ನು ತುಸು ಪಕ್ಕಕ್ಕೆ ಸರಿಸಿ, ಆಚೆಯ ಬೇರಿಂಗಿನ ಒಳ ಅಂಚಿಗೆ ತಾಗಿಸಿ ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಬೇಕು. ಒಂದೇ ಕಡೆ ಬಡಿದರೆ ಅದು ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಹೊರಬಿದ್ದರೆ ಇನ್ನೊಂದನ್ನು ತಳ್ಳುವುದು ಸುಲಭ.

ಹೊರತೆಗೆದ ಬೇರಿಂಗಿನ ಎರಡು ಮುಖಗಳಲ್ಲಿ ರಬ್ಬರಿನ ಮುಚ್ಚಳವೋ ತಗಡಿನ ಮುಚ್ಚಳವೋ ಇರುತ್ತದೆ. ರಬ್ಬರಿನದಾದರೆ ಅದರ ಅಂಚಿಗೆ ಗುಂಡುಸೂಜಿ ತೂರಿಸಿ ಮೆಲ್ಲಗೆ ಎಬ್ಬಿಸಬಹುದು. ಆಮೇಲೆ ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲೋ ಮುಳುಗಿಸಿ, ಕೊಳೆ ಬಿಡುವವರೆಗೆ ಬಟ್ಟಲನ್ನು ಕುಲುಕಬೇಕು. ಈ ಕೆಲಸ ಗಾಳಿಯಾಡುವ ಜಾಗದಲ್ಲಿ, ಒಲೆ ಮತ್ತು ದೀಪದಿಂದ ದೂರ, ದೊಡ್ಡವರ ಕೈಯಲ್ಲೇ ಆಗಬೇಕು. ಪೂರ್ತಿ ಒಣಗಿದ ಮೇಲೆ ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳು ಎಣ್ಣೆಯ ಎರಡು ಹನಿ ಸಾಕು. ಮಳೆ, ಧೂಳು ಹೆಚ್ಚಿರುವಲ್ಲಿ ಎಣ್ಣೆಗಿಂತ ತೆಳುವಾಗಿ ಸವರಿದ ಗ್ರೀಸ್ ಹೆಚ್ಚು ಕಾಲ ನಿಲ್ಲುತ್ತದೆ.

ಇಲ್ಲಿ ಎರಡು ತಪ್ಪು ಸಾಮಾನ್ಯ. ಕೀರಲು ಸದ್ದು ಬಂದ ಕೂಡಲೇ ಅಡುಗೆಮನೆಯ ಕೊಬ್ಬರಿ ಎಣ್ಣೆ ಸುರಿಯುವುದು ಮೊದಲನೆಯದು. ಆ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಕ್ರಮೇಣ ಧೂಳು ಸೇರಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನೇ ಎಣ್ಣೆ ಎಂದುಕೊಂಡು ಸಿಂಪಡಿಸುವುದು ಎರಡನೆಯದು. ಅಂಥ ಸ್ಪ್ರೇ ತೇವವನ್ನು ಓಡಿಸುತ್ತದೆ, ಜತೆಗೆ ಒಳಗಿದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ. ಅದು ಆರಿದ ಮೇಲೆ ಗುಂಡುಗಳು ಒಣಗಿಯೇ ಉರುಳಬೇಕಾಗುತ್ತದೆ. ಮುಚ್ಚಳ ಬಿಚ್ಚಲಾಗದ ಅಗ್ಗದ ಬೇರಿಂಗ್ ತುಕ್ಕು ಹಿಡಿದಿದ್ದರೆ ತೊಳೆಯುತ್ತ ಕೂರುವುದಕ್ಕಿಂತ ಬದಲಿಸುವುದೇ ಲೇಸು. ಬೇರಿಂಗಿನ ಮೇಲಿನ ‘ಎಬಿಇಸಿ’ ಅಂಕೆ (1, 3, 5, 7, 9) ತಯಾರಿಕೆಯ ಅಳತೆ ಎಷ್ಟು ಕರಾರುವಾಕ್ಕು ಎಂಬುದನ್ನು ಹೇಳುತ್ತದೆಯೇ ಹೊರತು ವೇಗವನ್ನಲ್ಲ. ಮಣ್ಣು ತುಂಬಿದ ‘ಎಬಿಇಸಿ 9’ಕ್ಕಿಂತ ಶುಚಿಯಾದ ‘ಎಬಿಇಸಿ 5’ ಚೆನ್ನಾಗಿ ಓಡುತ್ತದೆ.

ಮರುಜೋಡಣೆಯಲ್ಲಿ ಬೋಲ್ಟಿನ ಬಿಗಿಯೇ ಮುಖ್ಯ. ಗಾಲಿ ಪಕ್ಕಕ್ಕೆ ಅಲುಗಾಡಬಾರದು, ಆದರೆ ಸಲೀಸಾಗಿ ತಿರುಗಬೇಕು. ಆ ಎರಡರ ನಡುವಿನ ಹದ ಕೈಗೆ ತಿಳಿಯುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ಟುಗಳು ಕುಲುಕಿಗೆ ಸಡಿಲವಾಗದಂತೆ ಹಿಡಿಯುತ್ತವೆ. ನಾಲ್ಕಾರು ಸಲ ಬಿಚ್ಚಿ ಹಾಕಿದ ಮೇಲೆ ನೈಲಾನ್ ಸವೆದು, ನಟ್ಟು ಬೆರಳಿನಲ್ಲೇ ತಿರುಗತೊಡಗಿದರೆ ಹೊಸದು ಹಾಕಬೇಕು. ನಟ್ಟಿಲ್ಲದ ಬೋಲ್ಟುಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಅಂಟಿನ ಒಂದು ಹನಿ ಸಾಕು. ಕೆಂಪು ಬಣ್ಣದ್ದು ಬಹಳ ಗಟ್ಟಿ. ಹಾಕಿದರೆ ಮುಂದೆ ಬಿಚ್ಚುವುದೇ ಕಷ್ಟ.

ಬ್ರೇಕ್

ಹಿಂದಿನ ಮಡ್‌ಗಾರ್ಡನ್ನು ಹಿಮ್ಮಡಿಯಿಂದಲೋ ಅಂಗಾಲಿನಿಂದಲೋ ಒತ್ತಿದರೆ ಅದು ಗಾಲಿಗೆ ಉಜ್ಜಿ ವೇಗ ಕಡಿಮೆಯಾಗುತ್ತದೆ. ಒಳಗೊಂದು ಸ್ಪ್ರಿಂಗ್ ಮಡ್‌ಗಾರ್ಡನ್ನು ಮತ್ತೆ ಮೇಲಕ್ಕೆತ್ತುತ್ತದೆ. ಸ್ಪ್ರಿಂಗ್ ಮುರಿದರೆ ಬ್ರೇಕ್ ಸದಾ ತಾಗಿಕೊಂಡಿರುತ್ತದೆ. ಮಡ್‌ಗಾರ್ಡ್ ಹಿಡಿದ ತಿರುಪು ಸಡಿಲವಾದರೆ ಅದು ಒಂದು ಪಕ್ಕಕ್ಕೆ ಸರಿದು ಗಾಲಿಯನ್ನು ಅರ್ಧ ಮಾತ್ರ ಮುಟ್ಟುತ್ತದೆ. ತಿಂಗಳಿಗೊಮ್ಮೆ ಸ್ಕೂಟರನ್ನು ಮಗುಚಿ ಮಡ್‌ಗಾರ್ಡಿನ ಒಳಮೈ ನೋಡಬೇಕು. ಉಜ್ಜಿ ಉಜ್ಜಿ ತಗಡು ತೆಳುವಾಗಿದ್ದರೆ, ಅಂಚು ಚೂಪಾಗಿದ್ದರೆ, ಬದಲಿಸುವ ಹೊತ್ತು ಬಂದಿದೆ.

ಇಳಿಜಾರಿನಲ್ಲಿ ಬಹಳ ಹೊತ್ತು ತುಳಿದ ಬ್ರೇಕ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ನಿಲ್ಲಿಸಿದ ಕೂಡಲೇ ಪುಟ್ಟ ಮಕ್ಕಳು ಅದನ್ನು ಹಿಡಿದೆತ್ತದಂತೆ ನೋಡಿಕೊಳ್ಳಬೇಕು. ಗಾಲಿ ಒದ್ದೆಯಾಗಿದ್ದರೆ ಉಜ್ಜುವಿಕೆ ಕಡಿಮೆಯಾಗಿ ಸ್ಕೂಟರ್ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಬ್ರೇಕಿಗೆ, ಗಾಲಿಯ ಹೊರಮೈಗೆ ಎಣ್ಣೆ ತಾಗಲೇಬಾರದು. ಬೇರಿಂಗಿಗೆ ಹಾಕಿದ ಎಣ್ಣೆ ಹೊರಗೆ ಹರಿದಿದ್ದರೆ ಒಣಬಟ್ಟೆಯಿಂದ ಒರೆಸಿ, ಸೋಪುನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ದೊಡ್ಡ ಗಾಲಿಯ ಕೆಲವು ಸ್ಕೂಟರುಗಳಿಗೆ ಸೈಕಲ್ಲಿನಂತೆ ಕೈಬ್ರೇಕೂ ಇರುತ್ತದೆ. ಅದರ ಕೇಬಲಿನ ಎಳೆ ಬಿಚ್ಚಿಕೊಂಡಿದ್ದರೆ, ಲಿವರ್ ಹ್ಯಾಂಡಲಿಗೇ ತಾಗುವಷ್ಟು ಒತ್ತಬೇಕಾಗಿ ಬಂದರೆ, ಸೈಕಲ್ ಶಾಪಿನಲ್ಲಿ ಕೆಲವೇ ನಿಮಿಷದಲ್ಲಿ ಸರಿಮಾಡಿಸಬಹುದು.

ಕೀಲು, ಕ್ಲ್ಯಾಂಪ್, ಹೆಡ್‌ಸೆಟ್

ಮಡಚುವ ಸೌಕರ್ಯ ಇರುವ ಕಡೆ ಒಂದು ದುರ್ಬಲ ಜಾಗವೂ ಇರುತ್ತದೆ. ಕಂಬವೂ ಹಲಗೆಯೂ ಕೂಡುವ ಕೀಲಿನಲ್ಲಿ ಬೀಗದ ಗುಂಡಿಯೋ ಕೊಕ್ಕೆಯೋ ಇರುತ್ತದೆ. ತೆರೆದು ನಿಲ್ಲಿಸಿದಾಗ ಅದು ‘ಕ್ಲಿಕ್’ ಎಂದು ಕೂರಬೇಕು. ಆ ತೋಡಿನಲ್ಲಿ ಮರಳು ತುಂಬಿದ್ದರೆ ಕೂತಂತೆ ಕಂಡರೂ ಕೂತಿರುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೋಡನ್ನು ಕೆರೆದು ಒರೆಸುವುದು ವಾರದ ಕೆಲಸವಾಗಬೇಕು. ಮಡಚುವಾಗ, ತೆರೆಯುವಾಗ ಬೆರಳು ಸಿಕ್ಕಿಬೀಳುವುದು ಇದೇ ಜಾಗದಲ್ಲಿ; ಪುಟ್ಟ ಮಕ್ಕಳ ಸ್ಕೂಟರನ್ನು ದೊಡ್ಡವರೇ ಮಡಚಿಕೊಟ್ಟರೆ ಒಳ್ಳೆಯದು.

ಹ್ಯಾಂಡಲ್ ಎತ್ತರಿಸುವ ಕ್ಲ್ಯಾಂಪಿನ ಲಿವರ್ ಮುಚ್ಚುವಾಗ ಅರ್ಧ ದಾರಿಯಿಂದಲೇ ಬಿಗಿ ಹತ್ತಬೇಕು, ಮುಚ್ಚಿದ ಮೇಲೆ ಅಂಗೈಯಲ್ಲಿ ಅದರ ಗುರುತು ಮೂಡಬೇಕು. ಸಲೀಸಾಗಿ ಮುಚ್ಚಿಕೊಂಡರೆ ಎದುರಿನ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿ ಮತ್ತೆ ನೋಡಬೇಕು. ಒಳಗಿನ ಪೈಪಿನ ಮೇಲೆ ಗರಿಷ್ಠ ಎತ್ತರದ ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಹ್ಯಾಂಡಲ್ ಎಳೆದರೆ ಪೈಪ್ ಬಾಗುವ ಇಲ್ಲವೇ ಕಳಚುವ ಅಪಾಯವಿದೆ.

ಹ್ಯಾಂಡಲಿನ ಕಂಬ ತಿರುಗುವ ಬುಡದಲ್ಲಿರುವ ಬೇರಿಂಗ್‌ಗಳ ಜೋಡಿಗೆ ಹೆಡ್‌ಸೆಟ್ ಎನ್ನುತ್ತಾರೆ. ಮುಂಗಾಲಿಯನ್ನು ಗೋಡೆಗೆ ಒತ್ತಿ, ಹ್ಯಾಂಡಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಆ ಬುಡದ ಸಂದಿಗೆ ಬೆರಳಿಟ್ಟರೆ ಸಡಿಲಿದ್ದಲ್ಲಿ ಟಕಟಕ ಬಡಿತ ತಿಳಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಪ್ಲೇ’ ಎನ್ನುತ್ತಾರೆ. ಮಡಚುವ ಸ್ಕೂಟರುಗಳಲ್ಲಿ ಇದನ್ನು ಎರಡು ಸ್ಪ್ಯಾನರಿನಿಂದ ಬಿಗಿ ಮಾಡುವುದು ರೂಢಿ. ಕಸರತ್ತಿಗೆಂದೇ ಮಾಡಿದ, ಮಡಚಲಾಗದ ಸ್ಟಂಟ್ ಸ್ಕೂಟರುಗಳಲ್ಲಿ ಮೊದಲು ಕ್ಲ್ಯಾಂಪಿನ ಬೋಲ್ಟುಗಳನ್ನು ಸಡಿಲಿಸಿ, ಮೇಲಿನಿಂದ ಒತ್ತುವ ಬೋಲ್ಟನ್ನು ಬಿಗಿ ಮಾಡಿ, ಹ್ಯಾಂಡಲ್ ನೇರ ಮಾಡಿ, ಆಮೇಲೆ ಕ್ಲ್ಯಾಂಪನ್ನು ಬಿಗಿ ಮಾಡಬೇಕು. ಕ್ಲ್ಯಾಂಪ್ ಬಿಗಿಯಾಗಿರುವಾಗಲೇ ಮೇಲಿನ ಬೋಲ್ಟ್ ತಿರುಗಿಸಿದರೆ ಅದರ ತಿರುಪಿನ ಎಳೆ ಹಾಳಾಗುತ್ತದೆ, ಪ್ಲೇ ಹಾಗೆಯೇ ಉಳಿಯುತ್ತದೆ.

ಎರಡರಿಂದ ಐದು ವರ್ಷದವರ ಮೂರು ಗಾಲಿಯ ಸ್ಕೂಟರುಗಳಲ್ಲಿ ಹಲವು ಹ್ಯಾಂಡಲ್ ತಿರುಗಿಸಿದರೆ ತಿರುಗುವುದಿಲ್ಲ. ಮಗು ಯಾವ ಕಡೆ ವಾಲುತ್ತದೋ ಆ ಕಡೆ ಹೊರಳುತ್ತವೆ. ಹಲಗೆಯ ಮುಂಭಾಗದ ಅಡಿಯಲ್ಲಿರುವ ಈ ಹೊರಳುವ ಜೋಡಣೆಯಲ್ಲಿ ಮಣ್ಣು, ಕೂದಲು, ನೂಲು ಸೇರಿಕೊಂಡರೆ ಸ್ಕೂಟರ್ ಒಂದೇ ಕಡೆಗೆ ಎಳೆಯತೊಡಗುತ್ತದೆ. ತಿಂಗಳಿಗೊಮ್ಮೆ ಮಗುಚಿ ಬಿಡಿಸಿದರೆ ಸಾಕು.

ಹಲಗೆ ಮತ್ತು ಹಿಡಿ

ಹಲಗೆಯ ಮೇಲಿನ ಉಪ್ಪುಕಾಗದದಂಥ ಒರಟು ಹಾಳೆ ಪಾದ ಜಾರದಂತೆ ತಡೆಯುತ್ತದೆ. ಕೆಸರು ತುಂಬಿ ಅದು ನುಣುಪಾದರೆ ಒಣ ಬ್ರಷ್ಷಿನಿಂದ ಉಜ್ಜಬೇಕು. ಅಂಚು ಎದ್ದು ಸುರುಳಿಯಾದರೆ ಹಳೆಯದನ್ನು ಕಿತ್ತು ಹೊಸದು ಅಂಟಿಸಬೇಕು. ಹ್ಯಾಂಡಲಿನ ರಬ್ಬರ್ ಹಿಡಿ ಗಿರಗಿರ ತಿರುಗುತ್ತಿದ್ದರೆ ಅದೊಂದು ನಿಜವಾದ ಅಪಾಯ. ಹಿಡಿ ತೆಗೆದು ಪೈಪನ್ನು ಒರೆಸಿ, ಒಳಗೆ ಸ್ವಲ್ಪ ಆಲ್ಕೊಹಾಲ್ ಸ್ಯಾನಿಟೈಸರ್ ಸಿಂಪಡಿಸಿ ಮತ್ತೆ ತೂರಿಸಿದರೆ ಸಲೀಸಾಗಿ ಒಳಹೋಗುತ್ತದೆ. ಆಲ್ಕೊಹಾಲ್ ಆರಿದ ಮೇಲೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎಣ್ಣೆ, ಸೋಪು ಬಳಸಿದರೆ ಅದು ಮತ್ತೆ ತಿರುಗುವುದು ತಪ್ಪದು. ಹಿಡಿಯ ತುದಿ ಹರಿದು ಒಳಗಿನ ಪೈಪಿನ ಬಾಯಿ ತೆರೆದುಕೊಂಡಿದ್ದರೆ ಆ ದಿನ ಸ್ಕೂಟರ್ ಓಡಿಸಲೇಬಾರದು. ಬಿದ್ದಾಗ ಆ ಬರಿ ಪೈಪ್ ಹೊಟ್ಟೆಗೆ ನಾಟಿದರೆ ಒಳ ಅಂಗಗಳಿಗೇ ಪೆಟ್ಟಾಗುತ್ತದೆ.

ಮಳೆ, ಧೂಳು, ಉಪ್ಪುಗಾಳಿ

ಸ್ಕೂಟರನ್ನು ತೊಳೆಯಬಾರದು, ಒರೆಸಬೇಕು. ಪೈಪ್ ಹಿಡಿದು ನೀರು ಹಾಯಿಸಿದರೆ ಮೇಲಿನ ಮಣ್ಣು ಹೋಗಿ ಬೇರಿಂಗಿನೊಳಗೆ ನೀರು ಸೇರುತ್ತದೆ. ಮಳೆಯಲ್ಲಿ ನೆನೆದು ಬಂದ ಸ್ಕೂಟರನ್ನು ಒಣಬಟ್ಟೆಯಿಂದ ಒರೆಸಿ, ಗಾಲಿಗಳನ್ನು ಜೋರಾಗಿ ತಿರುಗಿಸಿ ನೀರು ಹಾರಿಸಿ, ಗಾಳಿಯಾಡುವಲ್ಲಿ ಒಂದು ರಾತ್ರಿ ನಿಲ್ಲಿಸಬೇಕು. ನೆಂದದ್ದನ್ನು ಹಾಗೆಯೇ ಚೀಲಕ್ಕೆ ತುರುಕಿಟ್ಟರೆ ವಾರದಲ್ಲೇ ತುಕ್ಕು. ಮಂಗಳೂರು, ಕಾರವಾರದಂಥ ಕಡಲತೀರದ ಊರುಗಳಲ್ಲಿ ಗಾಳಿಯಲ್ಲೇ ಉಪ್ಪು ಇರುವುದರಿಂದ ಉಕ್ಕಿನ ಬೋಲ್ಟುಗಳು ಬೇಗ ತುಕ್ಕು ಹಿಡಿದು ಅಲ್ಯೂಮಿನಿಯಂ ಚೌಕಟ್ಟಿಗೇ ಕಚ್ಚಿಕೊಳ್ಳುತ್ತವೆ. ವರ್ಷಕ್ಕೆರಡು ಸಲ ಬಿಚ್ಚಿ, ಅಚ್ಚಿಗೆ ತೆಳುವಾಗಿ ಗ್ರೀಸ್ ಸವರಿ ಹಾಕಿದರೆ ಆ ಪೇಚಾಟ ತಪ್ಪುತ್ತದೆ. ಕಟ್ಟಡದ ಕೆಲಸ ಸದಾ ನಡೆಯುವ ಹೊಸ ಬಡಾವಣೆಗಳಲ್ಲಿ ಶತ್ರು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು. ಅಲ್ಲಿ ಬೇರಿಂಗನ್ನು ಎರಡು ತಿಂಗಳಿಗೊಮ್ಮೆಯಾದರೂ ನೋಡಬೇಕಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ, ತಾರಸಿಯ ಮೇಲೆ ದಿನಗಟ್ಟಲೆ ಬಿಟ್ಟರೆ ಹಿಡಿಯ ರಬ್ಬರ್ ಅಂಟಂಟಾಗಿ, ಪ್ಲಾಸ್ಟಿಕ್ ಭಾಗಗಳು ಪೆಡಸಾಗುತ್ತವೆ.

ಅಳತೆಗೆ ತಕ್ಕ ಸ್ಕೂಟರ್

ನೆಟ್ಟಗೆ ನಿಂತಾಗ ಹ್ಯಾಂಡಲ್ ಸೊಂಟದ ಆಸುಪಾಸಿನಲ್ಲಿರಬೇಕು. ತಗ್ಗಾದರೆ ಬೆನ್ನು ಬಾಗಿ ಭಾರವೆಲ್ಲ ಮುಂಗಾಲಿಯ ಮೇಲೆ ಬೀಳುತ್ತದೆ; ಎತ್ತರವಾದರೆ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ತಾಳುವ ತೂಕದ ಮಿತಿ ಹಲಗೆಯ ಅಡಿಯ ಚೀಟಿಯಲ್ಲಿರುತ್ತದೆ. ಯುರೋಪಿನ ‘ಇಎನ್ 14619’ ಮಾನದಂಡ ಕಿಕ್ ಸ್ಕೂಟರುಗಳನ್ನು ಸವಾರರ ತೂಕದ ಮೇಲೆ ಎರಡು ವರ್ಗ ಮಾಡುತ್ತದೆ: 35ರಿಂದ 100 ಕಿಲೋಗ್ರಾಂ ತೂಕದವರಿಗೆ ‘ಎ’, 20ರಿಂದ 50 ಕಿಲೋಗ್ರಾಂನವರಿಗೆ ‘ಬಿ’. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ; ಆಟಿಕೆ ಎಂದು ಮಾರುವ ಸ್ಕೂಟರಿನ ಮೇಲೂ ಆ ಗುರುತನ್ನು ಹುಡುಕಬೇಕು. ಮಗುವಿನ ಸ್ಕೂಟರನ್ನು ಅಪ್ಪನೋ ಮಾವನೋ ತಮಾಷೆಗೆ ಹತ್ತಿ ಒಂದು ಸುತ್ತು ಹೊಡೆದರೆ ಮೊದಲು ಸೋಲುವುದು ಮಡಚುವ ಕೀಲು. ಒಂದೇ ಸ್ಕೂಟರಿನಲ್ಲಿ ಇಬ್ಬರು ನಿಂತರೂ ಅಷ್ಟೇ.

ಸವಾರಿಯ ಎಚ್ಚರ

2000ದಲ್ಲಿ ಅಮೆರಿಕದಲ್ಲಿ ಈ ಸ್ಕೂಟರ್ ಕಾಡ್ಗಿಚ್ಚಿನಂತೆ ಹಬ್ಬಿದ ವರ್ಷವೇ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಗಾಯಾಳುಗಳೂ ಬಂದರು. ಬಹುಪಾಲು 15 ವರ್ಷದೊಳಗಿನವರು. ಮುರಿದ ಮೂಳೆಗಳಲ್ಲಿ ಹೆಚ್ಚಿನವು ಕೈ, ತೋಳುಗಳವು. ಎಂಟು ವರ್ಷದೊಳಗಿನ ಮಕ್ಕಳು ದೊಡ್ಡವರ ಕಣ್ಣಳತೆಯಲ್ಲೇ ಓಡಿಸಬೇಕೆಂಬ ಸಲಹೆ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ್ದು.

ಮೊದಲ ರಕ್ಷಣೆ ಹೆಲ್ಮೆಟ್. ಬೈಕಿನ ಭಾರದ ಹೆಲ್ಮೆಟ್ ಪುಟ್ಟ ಕೊರಳಿಗೆ ಸಲ್ಲದು. ಸೈಕಲ್ ಮತ್ತು ಸ್ಕೇಟಿಂಗ್ ಹೆಲ್ಮೆಟ್ ಇದಕ್ಕೆ ತಕ್ಕದ್ದು. ‘ಇಎನ್ 1078’ ಎಂಬ ಗುರುತು ಈ ಬಗೆಯ ಹೆಲ್ಮೆಟ್‌ಗಳದು. ಅದು ಹುಬ್ಬಿನ ಮೇಲೆ ಎರಡು ಬೆರಳಗಲ ಬಿಟ್ಟು ಸಮತಟ್ಟಾಗಿ ಕೂರಬೇಕು. ಹಣೆ ಕಾಣುವಂತೆ ಹಿಂದಕ್ಕೆ ಜಾರಿದ ಹೆಲ್ಮೆಟ್ ಮುಗ್ಗರಿಸಿದಾಗ ಉಪಯೋಗಕ್ಕೆ ಬಾರದು. ಪಟ್ಟಿ ಕಿವಿಯ ಎರಡೂ ಕಡೆ ‘ವಿ’ ಆಕಾರದಲ್ಲಿ ಇಳಿದು, ಗಲ್ಲದ ಕೆಳಗೆ ಒಂದೆರಡು ಬೆರಳು ಹಿಡಿಯುವಷ್ಟು ಬಿಗಿಯಾಗಿರಬೇಕು. ಒಳಗಿನ ಥರ್ಮಾಕೋಲ್ ಜಾತಿಯ ನೊರೆ ತಾನು ಜಜ್ಜಿಕೊಂಡು ತಲೆಯನ್ನು ಉಳಿಸುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಮೇಲೆ ಹೊರಗೆ ಏನೂ ಕಾಣದಿದ್ದರೂ ಹೆಲ್ಮೆಟ್ ಬದಲಿಸಬೇಕು.

ಮೊಣಕೈ, ಮೊಣಕಾಲಿನ ಪ್ಯಾಡುಗಳು ತರಚು ಗಾಯ ತಪ್ಪಿಸುತ್ತವೆ. ಸ್ಕೇಟಿಂಗಿನವರು ಕಟ್ಟುವ ಗಟ್ಟಿ ಮಣಿಕಟ್ಟಿನ ಪಟ್ಟಿ ಮಾತ್ರ ಸ್ಕೂಟರಿಗೆ ಬೇಡ, ಅದು ಹ್ಯಾಂಡಲ್ ಹಿಡಿಯುವುದಕ್ಕೇ ಅಡ್ಡಿ. ಚಪ್ಪಲಿ, ಬರಿಗಾಲು ಎರಡೂ ಕೂಡದು. ಅಡಿ ಚಪ್ಪಟೆಯಿರುವ ಮುಚ್ಚಿದ ಶೂ ಬೇಕು, ಲೇಸಿನ ತುದಿ ಒಳಗೆ ಸಿಕ್ಕಿಸಿರಬೇಕು. ಉದ್ದ ದುಪಟ್ಟಾ, ಕಾಲಿಗಿಂತ ಉದ್ದದ ಪೈಜಾಮ ಗಾಲಿಗೆ ಸುತ್ತಿಕೊಳ್ಳುತ್ತವೆ.

ಜಾಗದ ಆಯ್ಕೆಯಲ್ಲಿ ಮತ್ತೆ ಸಣ್ಣ ಗಾಲಿಯ ಲೆಕ್ಕವೇ ಬರುತ್ತದೆ. ನುಣುಪಾದ, ಒಣಗಿದ, ವಾಹನವಿಲ್ಲದ ನೆಲ ಬೇಕು. ಚಪ್ಪಡಿ ಎದ್ದ ಫುಟ್‌ಪಾತ್, ಚರಂಡಿಯ ಕಬ್ಬಿಣದ ಜಾಲರಿ, ಜಲ್ಲಿ, ಹಂಪ್, ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿಯುವ ಗೆರೆಗೆರೆಯ ಇಳಿಜಾರು ಇವೆಲ್ಲ ಕಡೆ ಇಳಿದು ನಡೆಸಿಕೊಂಡು ಹೋಗುವುದೇ ಸರಿ. ಬೇಸ್‌ಮೆಂಟಿನಲ್ಲಿ ಕಂಬದ ಮರೆಯಿಂದ ಹೊರಬರುವ ಮಗು ರಿವರ್ಸ್ ತೆಗೆಯುವ ಕಾರಿನವರಿಗೆ ಕಾಣುವುದಿಲ್ಲ. ಕತ್ತಲಾದ ಮೇಲೆ ಓಟ ನಿಲ್ಲಿಸಬೇಕು. ಹೊಸಬರಿಗೆ ಓಡಿಸುವುದಕ್ಕಿಂತ ಮೊದಲು ನಿಲ್ಲಿಸುವುದನ್ನು ಕಲಿಸಬೇಕು: ಮೊಣಕಾಲು ತುಸು ಬಾಗಿಸಿ, ಭಾರವನ್ನು ಹಿಂದಕ್ಕೆ ತಂದು, ಬ್ರೇಕನ್ನು ಒಮ್ಮೆಲೇ ಮೆಟ್ಟದೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ನಿಲ್ಲಿಸುವುದು. ಒದೆಯುವ ಕಾಲನ್ನು ಆಗಾಗ ಬದಲಿಸಿದರೆ ಒಂದೇ ಕಾಲು ದಣಿಯುವುದಿಲ್ಲ.

ಎಷ್ಟು ದಿನಕ್ಕೆ ಏನು

ಪ್ರತಿ ಸವಾರಿಗೆ ಮುನ್ನ ಒಂದು ನಿಮಿಷದ ತಪಾಸಣೆ. ವಾರಕ್ಕೊಮ್ಮೆ ಒರೆಸಿ, ಕೀಲಿನ ಮಣ್ಣು ಕೆರೆದು, ಬೋಲ್ಟುಗಳಿಗೆ ಅಲೆನ್ ಕೀ ತಾಗಿಸಿ ನೋಡುವುದು. ತಿಂಗಳಿಗೊಮ್ಮೆ ಮಗುಚಿ ಗಾಲಿ, ಬ್ರೇಕ್, ಸ್ಪ್ರಿಂಗ್ ಪರೀಕ್ಷಿಸುವುದು. ನಾಲ್ಕಾರು ತಿಂಗಳಿಗೊಮ್ಮೆ ಗಾಲಿಗಳ ಹಿಂದುಮುಂದಿನ ಅದಲುಬದಲು, ಬೇರಿಂಗಿನ ಶುಚಿ. ಹೊಸ ಸ್ಕೂಟರಿನ ಬೋಲ್ಟುಗಳು ಮೊದಲ ವಾರದಲ್ಲೇ ಸಡಿಲವಾಗುವುದರಿಂದ ಆಗ ಎರಡು ಮೂರು ಸಲ ನೋಡಬೇಕು. ಮಗು ಬೆಳೆದು ಸ್ಕೂಟರ್ ತಮ್ಮನಿಗೋ ಪಕ್ಕದ ಮನೆಯವರಿಗೋ ಹೋಗುವಾಗಲೂ ಇಷ್ಟೂ ಪರೀಕ್ಷೆ ಆಗಬೇಕು.

ಗಾಲಿ, ಬೇರಿಂಗ್, ಹಿಡಿ, ಬ್ರೇಕ್, ಬೋಲ್ಟ್ ಎಲ್ಲವನ್ನೂ ಬದಲಿಸಬಹುದು. ಚೌಕಟ್ಟನ್ನು ಮಾತ್ರ ಹಾಗೆ ನೆಚ್ಚಲಾಗದು. ಕಂಬದ ಬುಡದ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ, ಹಲಗೆ ನಡುವೆ ಜಗ್ಗಿದ್ದರೂ, ಫೋರ್ಕ್ ಬಾಗಿದ್ದರೂ ಆ ಸ್ಕೂಟರಿನ ಆಯುಷ್ಯ ಮುಗಿದಂತೆ. ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಬೆಸೆಸಿದರೆ ಸುತ್ತಲಿನ ಲೋಹ ಕಾವಿಗೆ ಮೆತ್ತಗಾಗಿ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಅಂಥ ಸ್ಕೂಟರಿನ ಗಾಲಿ, ಬೇರಿಂಗ್‌ಗಳನ್ನು ಬಿಚ್ಚಿಟ್ಟುಕೊಂಡು ಚೌಕಟ್ಟನ್ನು ಗುಜರಿಗೆ ಹಾಕುವುದೇ ಸರಿ.